ಹೈಡ್ರಾಲಿಕ್ ಮತ್ತು ನ್ಯೂಮ್ಯಾಟಿಕ್ ನಕ್ಷೆಗಳಲ್ಲಿ ವಾಲ್ವ್ ಚಿಹ್ನೆಗಳನ್ನು ಓದುವ ಕ್ರಮ: ಸಮಗ್ರ ಮಾರ್ಗದರ್ಶಿ

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಅಥವಾ ಗಾಳಿಯ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ ಯಂತ್ರದ ನಕ್ಷೆಯನ್ನು ಹೊಸದಾಗಿ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಚಿಹ್ನೆಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ನಕ್ಷೆಯಲ್ಲಿರುವ ಪ್ರತಿಯೊಂದು ಆಕೃತಿಗೂ ಪಟ್ಟಿಯಲ್ಲಿ ಹೋಲಿಕೆ ಹುಡುಕುತ್ತಾ ಹೋಗುತ್ತಾರೆ. ಸರಳ ನಕ್ಷೆಗಳಿಗೆ ಇದು ಸಾಕಾಗುತ್ತದೆ. ಆದರೆ ಪಟ್ಟಿಯಲ್ಲಿಲ್ಲದ ವಾಲ್ವ್ ಎದುರಾದ ಕೂಡಲೇ ಓದು ನಿಂತುಹೋಗುತ್ತದೆ, ಮತ್ತು ಸ್ವಲ್ಪ ದೊಡ್ಡ ಯಂತ್ರವೆಂದರೆ ಅಂಥ ವಾಲ್ವ್ ಒಂದಾದರೂ ಇದ್ದೇ ಇರುತ್ತದೆ. ಅಕ್ಷರಗಳನ್ನು ಬಲ್ಲವರು ಕಂಡಿಲ್ಲದ ಪದವನ್ನೂ ಕೂಡಿಸಿ ಓದುವಂತೆ, ಚೌಕ, ಬಾಣ, ಸ್ಪ್ರಿಂಗ್, ತುಂಡುಗೆರೆ ಮುಂತಾದ ಕೆಲವೇ ಭಾಗಗಳನ್ನು ಬಲ್ಲವರು ಎಂಥ ಚಿಹ್ನೆಯನ್ನಾದರೂ ಕೂಡಿಸಿ ಓದಬಲ್ಲರು. ಆ ಭಾಗಗಳನ್ನೂ, ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನೂ ಈ ಬರಹ ವಿವರಿಸುತ್ತದೆ.

ಈ ಚಿಹ್ನೆಗಳಿಗೆ ಅಂತರರಾಷ್ಟ್ರೀಯ ಮಾನಕವಿದೆ. ಐಎಸ್‌ಒ 1219ರ ಮೊದಲ ಭಾಗವು ಚಿಹ್ನೆಗಳನ್ನೂ, ಎರಡನೆಯ ಭಾಗವು ಸರ್ಕ್ಯೂಟ್ ನಕ್ಷೆಗಳನ್ನು ಬರೆಯುವ ನಿಯಮಗಳನ್ನೂ ಹೇಳುತ್ತವೆ. ಎರಡೂ ಭಾಗಗಳು 2012ರಲ್ಲಿ ಪರಿಷ್ಕೃತಗೊಂಡಿವೆ. ಆದರೂ ಅದಕ್ಕಿಂತ ಹಿಂದೆ ಬರೆದ ನಕ್ಷೆಗಳು ಇಂದಿಗೂ ಯಂತ್ರಗಳ ಜೊತೆಯಲ್ಲೇ ಉಳಿದಿರುವುದರಿಂದ, ಹಳೆಯ ಪದ್ಧತಿಯ ಗುರುತುಗಳೂ ಗೊತ್ತಿರಬೇಕು. ಅವು ಎದುರಾಗುವ ಕಡೆ ಹೇಳುತ್ತೇನೆ.

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಚಿಹ್ನೆಯು ವಾಲ್ವ್ ಮಾಡುವ ಕೆಲಸವನ್ನು ತೋರಿಸುತ್ತದೆಯೇ ಹೊರತು ಅದರ ರಚನೆಯನ್ನಾಗಲಿ, ಗಾತ್ರವನ್ನಾಗಲಿ, ಯಂತ್ರದ ಮೇಲೆ ಅದು ಕೂತಿರುವ ಜಾಗವನ್ನಾಗಲಿ ತೋರಿಸುವುದಿಲ್ಲ. ನಕ್ಷೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ವಾಲ್ವ್‌ಗಳು ಯಂತ್ರದ ಎರಡು ತುದಿಗಳಲ್ಲಿರಬಹುದು, ದೂರದೂರ ಬರೆದವು ಒಂದೇ ಬ್ಲಾಕಿನೊಳಗೆ ಇರಬಹುದು.

ಮೊದಲು ಗೆರೆಗಳು

ವಾಲ್ವ್‌ಗಳನ್ನು ನೋಡುವ ಮುನ್ನ ಅವುಗಳ ನಡುವಿನ ಗೆರೆಗಳನ್ನು ಓದಬೇಕು. ಅಖಂಡ ಗೆರೆಯು ಕೆಲಸದ ಎಣ್ಣೆ ಅಥವಾ ಗಾಳಿ ಹರಿಯುವ ಲೈನ್ ಆಗಿದ್ದು, ಪಂಪಿನಿಂದ ಬರುವ ಒತ್ತಡದ ಲೈನ್, ಸಿಲಿಂಡರಿಗೆ ಹೋಗುವ ಲೈನ್, ಟ್ಯಾಂಕಿಗೆ ಮರಳುವ ಲೈನ್ ಎಲ್ಲವೂ ಇದರಲ್ಲೇ ಬರುತ್ತವೆ. ತುಂಡುಗೆರೆಯು ಪೈಲಟ್ ಲೈನ್ ಅಥವಾ ಡ್ರೈನ್ ಲೈನ್. ಪೈಲಟ್ ಲೈನ್ ಒತ್ತಡದ ಸಂದೇಶವನ್ನು ಒಯ್ಯುತ್ತದೆ, ಡ್ರೈನ್ ಲೈನ್ ವಾಲ್ವಿನೊಳಗೆ ಸೋರಿದ ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ಇವೆರಡರಲ್ಲಿ ಯಾವುದು ಯಾವುದೆಂದು ತಿಳಿಯಲು ಗೆರೆಯ ಎರಡೂ ತುದಿಗಳನ್ನು ನೋಡಬೇಕು: ಟ್ಯಾಂಕಿನಲ್ಲಿ ಮುಗಿದರೆ ಅದು ಡ್ರೈನ್, ಒತ್ತಡವಿರುವ ಲೈನಿನಿಂದ ಹೊರಟು ವಾಲ್ವಿನ ಪಕ್ಕಕ್ಕೆ ಬಂದು ತಾಗಿದರೆ ಅದು ಪೈಲಟ್. ಗೆರೆ, ಚುಕ್ಕೆ, ಮತ್ತೆ ಗೆರೆ ಎಂಬಂತೆ ಬರೆದ ಆವರಣವು ಅದರೊಳಗಿನ ಎಲ್ಲ ಭಾಗಗಳೂ ಒಂದೇ ಬ್ಲಾಕಿನಲ್ಲಿ ಅಥವಾ ಒಂದೇ ಜೋಡಣೆಯಲ್ಲಿ ಇವೆಯೆಂದು ತಿಳಿಸುತ್ತದೆ. ಬಿಡಿಭಾಗ ತರಿಸುವವರಿಗೆ ಈ ಆವರಣ ಬಹಳ ಮುಖ್ಯ.

ಎರಡು ಗೆರೆಗಳು ಸೇರುವಲ್ಲಿ ದಪ್ಪ ಚುಕ್ಕೆಯಿದ್ದರೆ ಅವು ಒಳಗೆ ಕೂಡಿಕೊಂಡಿವೆ, ಚುಕ್ಕೆಯಿಲ್ಲದೆ ಒಂದನ್ನೊಂದು ದಾಟಿದ್ದರೆ ಅವುಗಳ ನಡುವೆ ಸಂಬಂಧವಿಲ್ಲ. ಹಳೆಯ ನಕ್ಷೆಗಳಲ್ಲಿ ದಾಟುವ ಜಾಗವನ್ನು ಸಣ್ಣ ಅರ್ಧವೃತ್ತದಿಂದ ತೋರಿಸುತ್ತಿದ್ದರು. ನಕಲಿನ ನಕಲು ತೆಗೆದ ಹಾಳೆಗಳಲ್ಲಿ ಈ ಚುಕ್ಕೆ ಮಸುಕಾಗಿ ಹೋಗಿರುವ ಸಂಭವವಿದೆ. ಆದ್ದರಿಂದ ಅನುಮಾನವಿದ್ದಲ್ಲಿ ಆ ಸಂಧಿಯನ್ನು ಯಂತ್ರದ ಮೇಲೆ ಪೈಪ್ ಹಿಡಿದು ಖಚಿತಪಡಿಸಿಕೊಳ್ಳುವುದೇ ಸರಿ.

ಹರಿಯುವುದು ಎಣ್ಣೆಯೋ ಗಾಳಿಯೋ ಎಂಬುದನ್ನು ತ್ರಿಕೋನ ಹೇಳುತ್ತದೆ. ಒಳಗೆ ಕಪ್ಪು ತುಂಬಿದ ತ್ರಿಕೋನವಾದರೆ ಹೈಡ್ರಾಲಿಕ್, ಟೊಳ್ಳು ತ್ರಿಕೋನವಾದರೆ ನ್ಯೂಮ್ಯಾಟಿಕ್. ಪಂಪ್, ಮೋಟಾರ್, ಪೈಲಟ್ ಹೀಗೆ ತ್ರಿಕೋನ ಬರುವ ಎಲ್ಲ ಕಡೆಯೂ ಇದೇ ನಿಯಮ. ವೃತ್ತದೊಳಗಿನ ತ್ರಿಕೋನದ ಮೊನೆ ಹೊರಕ್ಕೆ ತಿರುಗಿದ್ದರೆ ಅದು ಪಂಪ್ ಅಥವಾ ಕಂಪ್ರೆಸರ್, ಒಳಕ್ಕೆ ತಿರುಗಿದ್ದರೆ ಮೋಟಾರ್. ವೃತ್ತವನ್ನು ಓರೆಯಾಗಿ ಸೀಳುವ ಉದ್ದ ಬಾಣವಿದ್ದರೆ ಆ ಪಂಪಿನ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಒಂದು ಸುತ್ತಿಗೆ ಅದು ಹೊರಹಾಕುವ ಪ್ರಮಾಣ, ಬದಲಾಯಿಸಬಹುದಾದದ್ದು. ಯಾವ ಚಿಹ್ನೆಯ ಮೇಲಾದರೂ ಓರೆಬಾಣ ಕಂಡರೆ ಅಲ್ಲಿ ಹೊಂದಿಸಿಕೊಳ್ಳುವ ಅವಕಾಶವಿದೆ ಎಂದೇ ಅರ್ಥ.

ಚೌಕಗಳು: ದಿಕ್ಕು ನಿಯಂತ್ರಿಸುವ ವಾಲ್ವ್

ಕೆಲಸಗಾರರು ಡಿಸಿ ವಾಲ್ವ್ ಎಂದು ಕರೆಯುವ ದಿಕ್ಕು ನಿಯಂತ್ರಕ ವಾಲ್ವನ್ನು ಸಾಲಾಗಿ ಅಂಟಿಸಿದ ಚೌಕಗಳಿಂದ ಬರೆಯುತ್ತಾರೆ. ಒಂದೊಂದು ಚೌಕವೂ ಸ್ಪೂಲ್, ಅಂದರೆ ವಾಲ್ವಿನೊಳಗೆ ಜಾರುತ್ತಾ ದಾರಿ ಬದಲಿಸುವ ದಂಡ, ನಿಲ್ಲಬಲ್ಲ ಒಂದೊಂದು ಸ್ಥಾನ. ಚೌಕದೊಳಗಿನ ಬಾಣವು ಆ ಸ್ಥಾನದಲ್ಲಿ ಯಾವ ಪೋರ್ಟ್ (ಲೈನ್ ಬಂದು ಸೇರುವ ಬಾಯಿ) ಯಾವುದಕ್ಕೆ ಕೂಡುತ್ತದೆ ಎಂಬುದನ್ನೂ, ಚೌಕದ ಅಂಚಿಗೆ ತಾಗಿ ನಿಂತ ಸಣ್ಣ ಟಿ ಆಕಾರವು ಆ ಪೋರ್ಟ್ ಮುಚ್ಚಿದೆ ಎಂಬುದನ್ನೂ ತೋರಿಸುತ್ತದೆ. 4/3 ಎಂದರೆ ನಾಲ್ಕು ಪೋರ್ಟ್, ಮೂರು ಸ್ಥಾನ. 5/2 ಎಂದರೆ ಐದು ಪೋರ್ಟ್, ಎರಡು ಸ್ಥಾನ. ಪೋರ್ಟ್‌ಗಳನ್ನು ಎಣಿಸುವಾಗ ಯಾವುದಾದರೂ ಒಂದೇ ಚೌಕವನ್ನು ಹಿಡಿದು, ಅದರ ಮೇಲಂಚು ಮತ್ತು ಕೆಳ ಅಂಚಿನಲ್ಲಿ ಬಾಣ ಅಥವಾ ಟಿ ಆಕಾರ ತಾಗುವ ಜಾಗಗಳನ್ನು ಲೆಕ್ಕ ಹಾಕಬೇಕು. ಪೈಲಟ್ ಪೋರ್ಟ್ ಈ ಲೆಕ್ಕಕ್ಕೆ ಸೇರುವುದಿಲ್ಲ.

ಹೊರಗಿನ ಲೈನ್‌ಗಳು ಒಂದೇ ಒಂದು ಚೌಕಕ್ಕೆ ಬಂದು ಸೇರಿರುತ್ತವೆ, ಪೋರ್ಟ್‌ಗಳ ಹೆಸರನ್ನೂ ಅದಕ್ಕೇ ಬರೆದಿರುತ್ತಾರೆ. ಅದು ವಾಲ್ವಿನ ವಿರಾಮ ಸ್ಥಾನ, ಅಂದರೆ ಯಾರೂ ಒತ್ತದೆ, ವಿದ್ಯುತ್ ಕೊಡದೆ ಇರುವಾಗಿನ ಸ್ಥಾನ. ಮೂರು ಸ್ಥಾನದ ವಾಲ್ವಿನಲ್ಲಿ ಇದು ಸಾಮಾನ್ಯವಾಗಿ ನಡುವಿನ ಚೌಕ, ಸ್ಪ್ರಿಂಗ್ ಇರುವ ಎರಡು ಸ್ಥಾನದ ವಾಲ್ವಿನಲ್ಲಿ ಸ್ಪ್ರಿಂಗಿನ ಪಕ್ಕದ ಚೌಕ. ಇಲ್ಲೊಂದು ಎಚ್ಚರಿಕೆ ಬೇಕು: ಯಂತ್ರದ ಆರಂಭ ಸ್ಥಿತಿಯಲ್ಲೇ ಸಿಲಿಂಡರಿನ ರಾಡ್ ಒಂದು ರೋಲರ್ ವಾಲ್ವನ್ನು ಒತ್ತಿ ನಿಂತಿದ್ದರೆ, ಆ ವಾಲ್ವನ್ನು ಒತ್ತಿದ ಸ್ಥಿತಿಯಲ್ಲೇ ಬರೆದು, ಪಕ್ಕದಲ್ಲಿ ಕ್ಯಾಮ್ ಆಕೃತಿಯನ್ನು ತೋರಿಸುವ ರೂಢಿಯಿದೆ. ಕ್ಯಾಮನ್ನು ಗಮನಿಸದವರು ಆ ವಾಲ್ವಿನ ಕೆಲಸವನ್ನು ತಲೆಕೆಳಗಾಗಿ ಓದುತ್ತಾರೆ.

ಚೌಕಗಳ ಎಡಬಲ ತುದಿಗಳಲ್ಲಿ ಸ್ಪೂಲನ್ನು ದೂಡುವ ಸಾಧನಗಳಿರುತ್ತವೆ. ಅಂಕುಡೊಂಕು ಗೆರೆ ಸ್ಪ್ರಿಂಗ್, ಒಳಗೆ ಒಂದು ಓರೆಗೆರೆಯುಳ್ಳ ಆಯತ ವಿದ್ಯುತ್ತಿನಿಂದ ದೂಡುವ ಸೊಲೆನಾಯ್ಡ್, ತ್ರಿಕೋನ ಪೈಲಟ್ ಒತ್ತಡ. ಲಿವರ್, ಪೆಡಲ್, ಪುಷ್ ಬಟನ್, ರೋಲರ್ ಇವುಗಳ ಚಿಹ್ನೆಗಳು ನೋಡಿದರೇ ಗುರುತು ಸಿಗುವಷ್ಟು ಅವುಗಳ ರೂಪವನ್ನು ಹೋಲುತ್ತವೆ. ಇವುಗಳನ್ನು ಓದುವ ನಿಯಮ ಒಂದೇ: ಯಾವ ಸಾಧನ ಕೆಲಸ ಮಾಡುತ್ತದೆಯೋ ಅದು ತನ್ನ ಪಕ್ಕದ ಚೌಕವನ್ನು ಲೈನ್‌ಗಳ ಎದುರಿಗೆ ತಳ್ಳುತ್ತದೆ. ಎಡಗಡೆಯ ಸೊಲೆನಾಯ್ಡಿಗೆ ವಿದ್ಯುತ್ ಸಿಕ್ಕರೆ ಎಡಗಡೆಯ ಚೌಕ ಜಾರಿಬಂದು ಲೈನ್‌ಗಳಿಗೆ ಕೂಡಿಕೊಂಡಿತೆಂದು ಕಲ್ಪಿಸಿಕೊಳ್ಳಬೇಕು. ಲೈನ್‌ಗಳು ಇದ್ದಲ್ಲೇ ಇರುತ್ತವೆ, ಚೌಕಗಳ ಸಾಲು ಮಾತ್ರ ಸರಿಯುತ್ತದೆ. ಹೊಸಬರು ಕಾಗದದ ಪಟ್ಟಿಯೊಂದರ ಮೇಲೆ ಚೌಕಗಳನ್ನು ಬರೆದು, ನಕ್ಷೆಯ ಮೇಲೆ ಕೈಯಿಂದಲೇ ಜಾರಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಎರಡೂ ತುದಿಯಲ್ಲಿ ಸೊಲೆನಾಯ್ಡ್ ಇದ್ದು ಸ್ಪ್ರಿಂಗ್ ಎಲ್ಲೂ ಇಲ್ಲದಿದ್ದರೆ ಆ ವಾಲ್ವಿಗೆ ವಿರಾಮ ಸ್ಥಾನವೆಂಬುದೇ ಇಲ್ಲ, ಕೊನೆಯ ಸಂಕೇತ ಎಲ್ಲಿಗೆ ದೂಡಿತೋ ಅಲ್ಲೇ ನಿಂತಿರುತ್ತದೆ. ವಿದ್ಯುತ್ ಹೋದಾಗ ಸ್ಪ್ರಿಂಗ್ ಇರುವ 5/2 ವಾಲ್ವ್ ಹಿಂದಕ್ಕೆ ಬರುತ್ತದೆ, ಎರಡು ಸೊಲೆನಾಯ್ಡಿನ 5/2 ವಾಲ್ವ್ ಇದ್ದಲ್ಲೇ ಉಳಿಯುತ್ತದೆ. ಹಿಡಿದ ವಸ್ತುವನ್ನು ಬಿಡಬಾರದ ಕ್ಲ್ಯಾಂಪಿಗೆ ಎರಡನೆಯದನ್ನೇ ಹಾಕಿರಲು ಇದೇ ಕಾರಣ. ನಕ್ಷೆಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದು ಸಣ್ಣ ಅಂಕುಡೊಂಕು ಗೆರೆ ಮಾತ್ರ.

ಪೋರ್ಟ್‌ಗಳ ಹೆಸರು

ಹೈಡ್ರಾಲಿಕ್ ವಾಲ್ವ್‌ಗಳಲ್ಲಿ ‘ಪಿ’ ಒತ್ತಡ ಒಳಬರುವ ಪೋರ್ಟ್, ‘ಟಿ’ ಟ್ಯಾಂಕಿಗೆ ಮರಳುವ ಪೋರ್ಟ್, ‘ಎ’ ಮತ್ತು ‘ಬಿ’ ಸಿಲಿಂಡರ್ ಅಥವಾ ಮೋಟಾರಿಗೆ ಹೋಗುವವು, ‘ಎಕ್ಸ್’ ಪೈಲಟ್ ಒತ್ತಡ ಬರುವ ಜಾಗ, ‘ವೈ’ ಅಥವಾ ‘ಎಲ್’ ಡ್ರೈನ್. ನ್ಯೂಮ್ಯಾಟಿಕ್ ವಾಲ್ವ್‌ಗಳಲ್ಲಿ ಈಗ ಅಂಕಿಗಳು ಬಳಕೆಯಲ್ಲಿವೆ: 1 ಗಾಳಿ ಬರುವ ಪೋರ್ಟ್, 2 ಮತ್ತು 4 ಕೆಲಸದ ಪೋರ್ಟ್‌ಗಳು, 3 ಮತ್ತು 5 ಗಾಳಿ ಹೊರಹೋಗುವ ಎಕ್ಸಾಸ್ಟ್ ಪೋರ್ಟ್‌ಗಳು. ಹಳೆಯ ನ್ಯೂಮ್ಯಾಟಿಕ್ ನಕ್ಷೆಗಳಲ್ಲಿ ಇವಕ್ಕೆ ‘ಪಿ’, ‘ಎ’, ‘ಬಿ’, ‘ಆರ್’, ‘ಎಸ್’ ಎಂಬ ಅಕ್ಷರಗಳಿದ್ದವು.

ಪೈಲಟ್‌ಗಳ ಅಂಕಿಯಲ್ಲಿ ಒಂದು ಸೊಗಸಾದ ತರ್ಕವಿದೆ. 14 ಎಂದು ಬರೆದ ಸಂಕೇತ ಬಂದರೆ 1ನೆಯ ಪೋರ್ಟ್ 4ಕ್ಕೆ ಕೂಡುತ್ತದೆ, 12 ಬಂದರೆ 1ನೆಯದು 2ಕ್ಕೆ ಕೂಡುತ್ತದೆ, 10 ಬಂದರೆ 1ನೆಯದು ಯಾವುದಕ್ಕೂ ಕೂಡದೆ ಮುಚ್ಚಿಕೊಳ್ಳುತ್ತದೆ. ಹೀಗಾಗಿ ವಾಲ್ವಿನ ಮೈಮೇಲಿನ ಅಂಕಿಯನ್ನಷ್ಟೇ ನೋಡಿ, ನಕ್ಷೆ ಕೈಯಲ್ಲಿಲ್ಲದಿದ್ದರೂ ಯಾವ ಕಡೆಗೆ ಗಾಳಿ ಹೋಗುವುದೆಂದು ಹೇಳಬಹುದು. ಸ್ಪ್ರಿಂಗ್ ವಾಪಸಾತಿಯ 5/2 ವಾಲ್ವಿನ ವಿರಾಮ ಸ್ಥಾನದಲ್ಲಿ ಸಾಮಾನ್ಯವಾಗಿ 1ರಿಂದ 2ಕ್ಕೆ ಗಾಳಿ ಹೋಗುತ್ತಿದ್ದು, 4ರ ಗಾಳಿ 5ರ ಮೂಲಕ ಹೊರಬರುತ್ತಿರುತ್ತದೆ, 3 ಮುಚ್ಚಿರುತ್ತದೆ. 14ರ ಸಂಕೇತ ಸಿಕ್ಕಾಗ 1ರಿಂದ 4ಕ್ಕೆ, 2ರಿಂದ 3ಕ್ಕೆ ದಾರಿ ಬದಲಾಗುತ್ತದೆ.

3/2 ವಾಲ್ವ್‌ಗಳ ವಿಷಯದಲ್ಲಿ ವಿದ್ಯುತ್ ಕೆಲಸ ಕಲಿತು ಬಂದವರು ಒಂದು ಮಾತನ್ನು ನೆನಪಿಡಬೇಕು. ಮುಚ್ಚಿದ ವಾಲ್ವಿನಲ್ಲಿ ಗಾಳಿ ಹರಿಯುವುದಿಲ್ಲ, ಆದರೆ ಮುಚ್ಚಿದ ಕಾಂಟ್ಯಾಕ್ಟಿನಲ್ಲಿ ವಿದ್ಯುತ್ ಹರಿಯುತ್ತದೆ. ಆದ್ದರಿಂದ ನಾರ್ಮಲಿ ಕ್ಲೋಸ್ಡ್ ವಾಲ್ವ್ ವಿರಾಮದಲ್ಲಿ 1ನ್ನು ತಡೆದು, 2ನ್ನು 3ರ ಮೂಲಕ ಖಾಲಿ ಮಾಡುತ್ತಿರುತ್ತದೆ.

ನಡುವಿನ ಚೌಕ ಏನನ್ನು ಹೇಳುತ್ತದೆ

4/3 ಹೈಡ್ರಾಲಿಕ್ ವಾಲ್ವಿನ ಎರಡು ಬದಿಯ ಚೌಕಗಳು ಬಹುತೇಕ ಎಲ್ಲ ನಕ್ಷೆಗಳಲ್ಲೂ ಒಂದೇ ಬಗೆಯವು: ಒಂದರಲ್ಲಿ ಸಮಾನಾಂತರ ಬಾಣಗಳು, ಇನ್ನೊಂದರಲ್ಲಿ ಒಂದನ್ನೊಂದು ದಾಟುವ ಬಾಣಗಳು. ಯಂತ್ರದ ಸ್ವಭಾವವನ್ನು ತೀರ್ಮಾನಿಸುವುದು ನಡುವಿನ ಚೌಕ. ನಾಲ್ಕೂ ಪೋರ್ಟ್ ಮುಚ್ಚಿದ್ದರೆ ಸಿಲಿಂಡರ್ ಇದ್ದಲ್ಲಿ ನಿಲ್ಲುತ್ತದೆ, ಆದರೆ ಸ್ಪೂಲಿನ ಸುತ್ತ ಸಣ್ಣ ಸೋರಿಕೆ ಇದ್ದೇ ಇರುವುದರಿಂದ ಹೊರೆ ನಿಧಾನವಾಗಿ ಕುಸಿಯಬಹುದು. ನಾಲ್ಕೂ ಒಂದಕ್ಕೊಂದು ಕೂಡಿದ್ದರೆ ಪಂಪಿನ ಎಣ್ಣೆ ಒತ್ತಡವಿಲ್ಲದೆ ಟ್ಯಾಂಕಿಗೆ ಮರಳುತ್ತದೆ, ಸಿಲಿಂಡರ್ ಸಡಿಲವಾಗಿರುತ್ತದೆ. ‘ಪಿ’ ಮತ್ತು ‘ಟಿ’ ಮಾತ್ರ ಕೂಡಿ ‘ಎ’, ‘ಬಿ’ ಮುಚ್ಚಿದ್ದರೆ ಅದು ಟ್ಯಾಂಡೆಮ್ ಸೆಂಟರ್. ಪಂಪಿಗೆ ವಿರಾಮ, ಸಿಲಿಂಡರಿಗೆ ತಡೆ. ‘ಪಿ’ ಮುಚ್ಚಿ, ‘ಎ’, ‘ಬಿ’ ಎರಡೂ ‘ಟಿ’ಗೆ ಕೂಡಿದ್ದರೆ ಫ್ಲೋಟ್ ಸೆಂಟರ್. ‘ಪಿ’, ‘ಎ’, ‘ಬಿ’ ಮೂರೂ ಕೂಡಿ ‘ಟಿ’ ಮುಚ್ಚಿದ್ದರೆ ರಾಡ್ ಕಡೆಯ ಎಣ್ಣೆಯೂ ಪಿಸ್ಟನ್ ಕಡೆಗೆ ಸೇರಿ ಸಿಲಿಂಡರ್ ವೇಗವಾಗಿ ಹೊರಬರುತ್ತದೆ. ನ್ಯೂಮ್ಯಾಟಿಕ್ 5/3 ವಾಲ್ವ್‌ಗಳಲ್ಲಿಯೂ ಎಲ್ಲ ಮುಚ್ಚಿದ, ಎರಡೂ ಕಡೆ ಖಾಲಿಯಾಗುವ, ಎರಡೂ ಕಡೆ ಒತ್ತಡವಿರುವ ಮೂರು ಬಗೆಗಳಿವೆ.

ಸೊಲೆನಾಯ್ಡಿನ ಆಯತದ ಪಕ್ಕದಲ್ಲೇ ಒಂದು ತ್ರಿಕೋನವೂ ಇದ್ದರೆ ಅದನ್ನು ಅಲಂಕಾರವೆಂದು ದಾಟಿಹೋಗಬಾರದು. ಆ ವಾಲ್ವಿನಲ್ಲಿ ಸೊಲೆನಾಯ್ಡ್ ಮುಖ್ಯ ಸ್ಪೂಲನ್ನು ತಾನೇ ದೂಡುವುದಿಲ್ಲ. ಸಣ್ಣ ಪೈಲಟ್ ವಾಲ್ವೊಂದನ್ನು ತೆರೆಯುತ್ತದೆ, ಅದರಿಂದ ಬಂದ ಒತ್ತಡ ದೊಡ್ಡ ಸ್ಪೂಲನ್ನು ದೂಡುತ್ತದೆ. ಹಾಗಾದರೆ ಆ ಒತ್ತಡ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಏಳಬೇಕು. ‘ಎಕ್ಸ್’ ಪೋರ್ಟಿಗೆ ಹೊರಗಿನಿಂದ ತುಂಡುಗೆರೆ ಬಂದಿದ್ದರೆ ಪೈಲಟ್ ಒತ್ತಡ ಬೇರೆ ಮೂಲದಿಂದ ಬರುತ್ತಿದೆ. ಇಲ್ಲದಿದ್ದರೆ ವಾಲ್ವಿನೊಳಗೇ ‘ಪಿ’ಯಿಂದ ತೆಗೆದುಕೊಂಡಿದೆ. ಎರಡನೆಯ ಬಗೆಯ ವಾಲ್ವಿಗೆ ಟ್ಯಾಂಡೆಮ್ ಸೆಂಟರ್ ಇದ್ದರೆ, ವಿರಾಮದಲ್ಲಿ ‘ಪಿ’ಯಲ್ಲಿ ಒತ್ತಡವೇ ಇರುವುದಿಲ್ಲವಾದ್ದರಿಂದ ಸೊಲೆನಾಯ್ಡಿಗೆ ವಿದ್ಯುತ್ ಸಿಕ್ಕರೂ ಸ್ಪೂಲ್ ಅಲುಗದು. ಅದಕ್ಕಾಗಿಯೇ ವಿನ್ಯಾಸಕರು ಲೈನಿನಲ್ಲಿ, ಒಂದೇ ದಿಕ್ಕಿಗೆ ಹರಿಯಬಿಡುವ, ಸ್ಪ್ರಿಂಗ್ ಇರುವ ಚೆಕ್ ವಾಲ್ವೊಂದನ್ನು ಹಾಕಿ ಕೆಲವು ಬಾರ್ ಒತ್ತಡವನ್ನು ಉಳಿಸಿಕೊಳ್ಳುತ್ತಾರೆ. ಆ ಚೆಕ್ ವಾಲ್ವ್ ಯಾಕಿದೆಯೆಂದು ತಿಳಿಯದೆ ತೆಗೆದುಹಾಕಿದರೆ ಯಂತ್ರ ನಿಂತುಹೋಗುತ್ತದೆ, ದೋಷವನ್ನು ಮಾತ್ರ ಸೊಲೆನಾಯ್ಡಿನಲ್ಲಿ ಹುಡುಕುವಂತಾಗುತ್ತದೆ.

ಚೌಕಗಳ ಸಾಲಿನ ಮೇಲೂ ಕೆಳಗೂ ಉದ್ದಕ್ಕೆ ಒಂದೊಂದು ಸಮಾನಾಂತರ ಗೆರೆ ಎಳೆದಿದ್ದರೆ, ಸ್ಪೂಲ್ ಆ ಸ್ಥಾನಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಪ್ರಪೋರ್ಷನಲ್ ಮತ್ತು ಸರ್ವೋ ವಾಲ್ವ್‌ಗಳನ್ನು ಹೀಗೆ ಬರೆಯುತ್ತಾರೆ, ಅವುಗಳ ಸೊಲೆನಾಯ್ಡಿನ ಮೇಲೆ ಓರೆಬಾಣವೂ ಇರುತ್ತದೆ.

ಒತ್ತಡದ ವಾಲ್ವ್‌ಗಳು: ತುಂಡುಗೆರೆ ಎಲ್ಲಿಂದ ಹೊರಟಿದೆ?

ನಕ್ಷೆ ಓದುವಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ ಎಂಬುದು ನನ್ನ ಅನುಭವದ ಮಾತು, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ. ಒತ್ತಡ ನಿಯಂತ್ರಿಸುವ ವಾಲ್ವ್‌ಗಳಿಗೆಲ್ಲ ಒಂದೇ ಚೌಕ, ಒಳಗೆ ಒಂದೇ ಬಾಣ, ಒಂದು ಕಡೆ ಸ್ಪ್ರಿಂಗ್, ಇನ್ನೊಂದು ಕಡೆಯಿಂದ ತುಂಡುಗೆರೆ. ಎಲ್ಲವೂ ಒಂದೇ ತೆರನಾಗಿ ಕಾಣುವುದರಿಂದ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಬಾಣವು ಪೋರ್ಟ್‌ಗಳ ನೇರಕ್ಕೆ ಇದೆಯೋ, ಪಕ್ಕಕ್ಕೆ ಸರಿದಿದೆಯೋ? ತುಂಡುಗೆರೆ ಒಳಬರುವ ಲೈನಿನಿಂದ ಹೊರಟಿದೆಯೋ, ಹೊರಹೋಗುವ ಲೈನಿನಿಂದಲೋ, ಬೇರೆಲ್ಲಿಂದಲೋ? ಸ್ಪ್ರಿಂಗ್ ಕಡೆಯ ಡ್ರೈನ್ ಎಲ್ಲಿಗೆ ಹೋಗುತ್ತದೆ?

ರಿಲೀಫ್ ವಾಲ್ವಿನಲ್ಲಿ ಬಾಣ ಪೋರ್ಟ್‌ಗಳ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ, ಅಂದರೆ ವಿರಾಮದಲ್ಲಿ ಮುಚ್ಚಿದೆ. ತುಂಡುಗೆರೆ ಒಳಬರುವ ಲೈನಿನಿಂದ ಹೊರಟಿರುತ್ತದೆ. ಆ ಲೈನಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಬಾಣ ಸ್ಪ್ರಿಂಗಿನತ್ತ ಸರಿದು ಪೋರ್ಟ್‌ಗಳ ನೇರಕ್ಕೆ ಬಂತೆಂದು ಕಲ್ಪಿಸಿಕೊಂಡರೆ, ಎಣ್ಣೆ ಟ್ಯಾಂಕಿಗೆ ಹೋಗುವ ದಾರಿ ತೆರೆಯುತ್ತದೆ. ರಿಲೀಫ್ ವಾಲ್ವ್ ಕಾಯುವುದು ತನ್ನ ಹಿಂದಿನ ಲೈನನ್ನು.

ಒತ್ತಡ ತಗ್ಗಿಸುವ ರೆಡ್ಯೂಸಿಂಗ್ ವಾಲ್ವಿನಲ್ಲಿ ಬಾಣ ನೇರಕ್ಕೇ ಇರುತ್ತದೆ, ಅಂದರೆ ವಿರಾಮದಲ್ಲಿ ತೆರೆದಿದೆ. ತುಂಡುಗೆರೆ ಹೊರಹೋಗುವ ಕಡೆಯಿಂದ ಹೊರಟಿರುತ್ತದೆ. ಮುಂದಿನ ಲೈನಿನ ಒತ್ತಡ ಹೊಂದಿಸಿದ ಮಟ್ಟಕ್ಕೆ ಬಂದಾಗ ಬಾಣ ಪಕ್ಕಕ್ಕೆ ಸರಿದು ದಾರಿ ಕಿರಿದಾಗುತ್ತದೆ. ಇದು ಕಾಯುವುದು ತನ್ನ ಮುಂದಿನ ಲೈನನ್ನು. ಇದರ ಸ್ಪ್ರಿಂಗ್ ಕೋಣೆಯಿಂದ ಟ್ಯಾಂಕಿಗೆ ಪ್ರತ್ಯೇಕವಾದ ಡ್ರೈನ್ ಗೆರೆ ಇದ್ದೇ ಇರುತ್ತದೆ. ನ್ಯೂಮ್ಯಾಟಿಕ್ ರೆಗ್ಯುಲೇಟರಿನ ಚಿಹ್ನೆಯೂ ಇದೇ, ಅದರಲ್ಲಿ ಹೊರಕ್ಕೆ ಬಿಡುವ ಟೊಳ್ಳು ತ್ರಿಕೋನವೂ ಇದ್ದರೆ ಮುಂದಿನ ಲೈನಿನಲ್ಲಿ ಹೆಚ್ಚಾದ ಗಾಳಿಯನ್ನು ಅದು ಹೊರಹಾಕಬಲ್ಲದು.

ಸೀಕ್ವೆನ್ಸ್ ವಾಲ್ವ್ ನೋಡಲು ರಿಲೀಫ್ ವಾಲ್ವಿನಂತೆಯೇ ಇರುತ್ತದೆ, ಆದರೆ ಅದರ ಹೊರದಾರಿ ಟ್ಯಾಂಕಿಗೆ ಹೋಗದೆ ಇನ್ನೊಂದು ಸಿಲಿಂಡರಿನ ಲೈನಿಗೆ ಹೋಗುತ್ತದೆ. ಮೊದಲ ಸಿಲಿಂಡರ್ ಹಿಡಿದು ಒತ್ತಡ ಏರಿದ ಮೇಲೆಯೇ ಎರಡನೆಯದು ಚಲಿಸಲಿ ಎಂಬುದು ಉದ್ದೇಶ. ಇಲ್ಲಿ ಡ್ರೈನ್ ಏಕೆ ಪ್ರತ್ಯೇಕವಾಗಿ ಟ್ಯಾಂಕಿಗೆ ಹೋಗಲೇಬೇಕು ಎಂಬುದನ್ನು ಅರ್ಥಮಾಡಿಕೊಂಡವರು ಈ ವಾಲ್ವ್‌ಗಳನ್ನು ಮತ್ತೆಂದೂ ಅದಲುಬದಲು ಮಾಡುವುದಿಲ್ಲ. ಹೊರದಾರಿಯಲ್ಲಿ ಈಗ ಕೆಲಸದ ಒತ್ತಡವಿರುವುದರಿಂದ, ಸ್ಪ್ರಿಂಗ್ ಕೋಣೆ ಅದಕ್ಕೇ ಕೂಡಿದ್ದರೆ ಆ ಒತ್ತಡ ಸ್ಪ್ರಿಂಗಿನ ಜೊತೆ ಸೇರಿಕೊಂಡು ವಾಲ್ವನ್ನು ಮುಚ್ಚಲು ನೋಡುತ್ತದೆ. ರಿಲೀಫ್ ವಾಲ್ವಿಗೆ ಈ ತೊಂದರೆಯಿಲ್ಲ, ಏಕೆಂದರೆ ಅದರ ಹೊರದಾರಿ ಒತ್ತಡವಿಲ್ಲದ ಟ್ಯಾಂಕ್.

ತುಂಡುಗೆರೆ ವಾಲ್ವಿನ ಎರಡೂ ಪೋರ್ಟ್‌ಗಳನ್ನು ಬಿಟ್ಟು ದೂರದ ಬೇರೊಂದು ಲೈನಿನಿಂದ ಬಂದಿದ್ದರೆ ಅದು ಅನ್‌ಲೋಡಿಂಗ್ ವಾಲ್ವ್ ಇರಬಹುದು. ದೂರದ ಲೈನ್ ತುಂಬಿದ ಮೇಲೆ ತನ್ನ ಪಂಪಿನ ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ಸಿಲಿಂಡರಿನ ಲೈನಿನಲ್ಲೇ ಕೂತು, ಪಕ್ಕದಲ್ಲಿ ಒಂದು ಚೆಕ್ ವಾಲ್ವನ್ನೂ ಜೋಡಿಸಿಕೊಂಡಿದ್ದರೆ ಅದು ಹೊರೆ ತಾನಾಗಿ ಇಳಿಯದಂತೆ ತಡೆಯುವ ಕೌಂಟರ್‌ಬ್ಯಾಲೆನ್ಸ್ ವಾಲ್ವ್.

ಚೆಕ್ ವಾಲ್ವ್ ಮತ್ತು ಫ್ಲೋ ಕಂಟ್ರೋಲ್

ಚೆಕ್ ವಾಲ್ವಿನ ಚಿಹ್ನೆ ‘ವಿ’ ಆಕಾರದ ಸೀಟಿನಲ್ಲಿ ಕೂತ ಒಂದು ಸಣ್ಣ ವೃತ್ತ. ‘ವಿ’ಯ ಮೊನೆಯ ಕಡೆಯಿಂದ ಬಂದ ಹರಿವು ಗುಂಡನ್ನು ಸೀಟಿನಿಂದ ಎಬ್ಬಿಸಿ ಮುಂದೆ ಹೋಗುತ್ತದೆ, ಎದುರು ಕಡೆಯಿಂದ ಬಂದದ್ದು ಗುಂಡನ್ನು ಸೀಟಿಗೆ ಒತ್ತಿ ತಾನೇ ದಾರಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ತುಂಡುಗೆರೆಯೊಂದು ಬಂದು ಸೇರಿದ್ದರೆ, ಆ ಗೆರೆಯಲ್ಲಿ ಒತ್ತಡ ಬಂದಾಗ ತಡೆದ ದಿಕ್ಕಿನಲ್ಲೂ ಹರಿಯಬಲ್ಲ ಪೈಲಟ್ ಚೆಕ್ ವಾಲ್ವ್. ಎರಡು ಸೀಟುಗಳ ನಡುವೆ ಒಂದು ಗುಂಡಿದ್ದು ಹೊರದಾರಿ ನಡುವಿನಿಂದ ಹೊರಟಿದ್ದರೆ ಅದು ಶಟಲ್ ವಾಲ್ವ್. ಎರಡರಲ್ಲಿ ಯಾವ ಕಡೆಯಿಂದ ಒತ್ತಡ ಬಂದರೂ ಮುಂದಕ್ಕೆ ಬಿಡುತ್ತದೆ.

ಎದುರುಬದುರಾಗಿ ಬಾಗಿದ ಎರಡು ಕಮಾನುಗಳು ಹರಿವನ್ನು ಕಿರಿದಾಗಿಸುವ ಥ್ರಾಟಲ್, ಓರೆಬಾಣವಿದ್ದರೆ ಹೊಂದಿಸಬಹುದಾದದ್ದು. ಅದರ ಪಕ್ಕದಲ್ಲಿ ಸಮಾನಾಂತರವಾಗಿ ಚೆಕ್ ವಾಲ್ವ್ ಇದ್ದರೆ ಒಂದೇ ದಿಕ್ಕಿನಲ್ಲಿ ನಿಯಂತ್ರಣ, ಇನ್ನೊಂದು ದಿಕ್ಕಿನಲ್ಲಿ ಮುಕ್ತ ಹರಿವು. ನ್ಯೂಮ್ಯಾಟಿಕ್ ಸಿಲಿಂಡರಿನ ಎರಡೂ ಪೋರ್ಟ್‌ಗಳ ಬಳಿ ಈ ಜೋಡಣೆ ಸಾಮಾನ್ಯ. ಅಲ್ಲಿ ‘ವಿ’ಯ ಮೊನೆ ಡಿಸಿ ವಾಲ್ವಿನ ಕಡೆಗೂ ಗುಂಡು ಸಿಲಿಂಡರಿನ ಕಡೆಗೂ ಇದ್ದರೆ, ಒಳಹೋಗುವ ಗಾಳಿ ಮುಕ್ತ, ಹೊರಬರುವ ಗಾಳಿಗೆ ಕಡಿವಾಣ. ಗಾಳಿ ಕುಗ್ಗುವ ವಸ್ತುವಾದ್ದರಿಂದ ಹೊರಬರುವ ಗಾಳಿಯನ್ನು ಹಿಡಿದರೆ ಸಿಲಿಂಡರ್ ಎಳೆದಾಡದೆ ಸಮವಾಗಿ ಚಲಿಸುತ್ತದೆ. ಗುಂಡಿನ ದಿಕ್ಕು ತಿರುಗುಮುರುಗಾದರೆ ಕಡಿವಾಣ ಒಳಹೋಗುವ ಗಾಳಿಗೆ ಬೀಳುತ್ತದೆ, ಚಲನೆ ಅಷ್ಟು ಸಮವಾಗಿರುವುದಿಲ್ಲ.

ಒಂದು ನಕ್ಷೆಯನ್ನು ಓದಿ ನೋಡೋಣ

ಲಂಬವಾಗಿ ನಿಂತು ಹೊರೆಯನ್ನು ಮೇಲೆತ್ತುವ ಒಂದು ಸಿಲಿಂಡರನ್ನು ತೆಗೆದುಕೊಳ್ಳೋಣ. ನಕ್ಷೆಯ ಕೆಳಗೆ ಪಂಪ್. ಅದರ ಮೇಲೆ ಓರೆಬಾಣವಿದೆ, ಜೊತೆಗೆ ಒತ್ತಡ ಏರಿದಾಗ ಹರಿವನ್ನು ತಗ್ಗಿಸುವ ನಿಯಂತ್ರಕವೂ ಇದೆ. ಪಂಪಿನ ಪಕ್ಕದಲ್ಲಿ ರಿಲೀಫ್ ವಾಲ್ವ್, ಮೇಲೆ 4/3 ಸೊಲೆನಾಯ್ಡ್ ವಾಲ್ವ್, ಅದರ ‘ಎ’ ಲೈನಿನಲ್ಲಿ ಪೈಲಟ್ ಚೆಕ್ ವಾಲ್ವ್, ಕೊನೆಗೆ ಸಿಲಿಂಡರಿನ ಪಿಸ್ಟನ್ ಕಡೆ. ಪೈಲಟ್ ಚೆಕ್ ವಾಲ್ವಿನ ತುಂಡುಗೆರೆ ‘ಬಿ’ ಲೈನಿನಿಂದ ಹೊರಟಿದೆ. ಬಣ್ಣದ ಎರಡು ಪೆನ್ಸಿಲ್ ತೆಗೆದುಕೊಂಡು, ಒತ್ತಡವಿರುವ ಗೆರೆಗೆ ಕೆಂಪು, ಟ್ಯಾಂಕಿಗೆ ಕೂಡಿದ ಗೆರೆಗೆ ನೀಲಿ ಹಚ್ಚುತ್ತಾ, ಒಂದೊಂದು ಸ್ಥಾನಕ್ಕೂ ನಕ್ಷೆಯ ಒಂದೊಂದು ಪ್ರತಿ ಬಳಸಿ ಮುಂದುವರಿಯಬೇಕು.

ವಿರಾಮ ಸ್ಥಾನದಿಂದ ಆರಂಭಿಸೋಣ. ನಡುವಿನ ಚೌಕದಲ್ಲಿ ‘ಪಿ’ ಮುಚ್ಚಿದೆ, ‘ಎ’ ಮತ್ತು ‘ಬಿ’ ಎರಡೂ ‘ಟಿ’ಗೆ ಕೂಡಿವೆ. ‘ಪಿ’ ಮುಚ್ಚಿರುವುದರಿಂದ ಪಂಪ್ ತನ್ನ ಹರಿವನ್ನು ತಾನೇ ತಗ್ಗಿಸಿಕೊಳ್ಳಬೇಕು, ಆ ಓರೆಬಾಣ ಅದಕ್ಕಾಗಿಯೇ ಇದೆ. ಅದೇ ಜಾಗದಲ್ಲಿ ಓರೆಬಾಣವಿಲ್ಲದ ಪಂಪ್ ಇದ್ದಿದ್ದರೆ ಎಣ್ಣೆಯೆಲ್ಲ ಪೂರ್ಣ ಒತ್ತಡದಲ್ಲಿ ರಿಲೀಫ್ ವಾಲ್ವ್ ದಾಟಿ ಹೋಗುತ್ತಾ ಟ್ಯಾಂಕ್ ಬಿಸಿಯಾಗುತ್ತಿತ್ತು. ಇನ್ನು ಫ್ಲೋಟ್ ಸೆಂಟರನ್ನೇ ಯಾಕೆ ಆರಿಸಿದ್ದಾರೆ? ಹೊರೆಯನ್ನು ಹಿಡಿದಿರುವುದು ಚೆಕ್ ವಾಲ್ವ್. ಅದು ಗಟ್ಟಿಯಾಗಿ ಮುಚ್ಚಬೇಕಾದರೆ ಪೈಲಟ್ ಗೆರೆಯಲ್ಲಿ ಒತ್ತಡ ಉಳಿದಿರಬಾರದು, ಅದಕ್ಕೆ ‘ಬಿ’ ಲೈನ್ ಟ್ಯಾಂಕಿಗೆ ತೆರೆದಿರಬೇಕು. ನಾಲ್ಕೂ ಪೋರ್ಟ್ ಮುಚ್ಚಿದ ವಾಲ್ವನ್ನು ಬದಲಿಗೆ ಹಾಕಿದರೆ ‘ಬಿ’ಯಲ್ಲಿ ಸಿಕ್ಕಿಬಿದ್ದ ಒತ್ತಡ ಗುಂಡನ್ನು ಅರೆತೆರೆದು ಹಿಡಿಯಬಹುದು, ಹೊರೆ ಜಾರಬಹುದು. ಹೊರಗಿನ ಅಳತೆ ಒಂದೇ ಆಗಿದ್ದು ಬೋಲ್ಟ್ ರಂಧ್ರಗಳು ಸರಿಯಾಗಿ ಕೂತರೂ ಆ ವಾಲ್ವ್ ಈ ಜಾಗಕ್ಕೆ ಸಲ್ಲುವುದಿಲ್ಲ.

ಎಡಗಡೆಯ ಸೊಲೆನಾಯ್ಡಿಗೆ ವಿದ್ಯುತ್ ಕೊಟ್ಟರೆ ಸಮಾನಾಂತರ ಬಾಣಗಳ ಚೌಕ ಬರುತ್ತದೆ: ‘ಪಿ’ಯಿಂದ ‘ಎ’ಗೆ, ‘ಬಿ’ಯಿಂದ ‘ಟಿ’ಗೆ. ಎಣ್ಣೆ ಚೆಕ್ ವಾಲ್ವಿನ ಮುಕ್ತ ದಿಕ್ಕಿನಲ್ಲಿ ಹೋಗಿ ಹೊರೆ ಏರುತ್ತದೆ. ಬಲಗಡೆಯ ಸೊಲೆನಾಯ್ಡಿಗೆ ಕೊಟ್ಟರೆ ‘ಪಿ’ಯಿಂದ ‘ಬಿ’ಗೆ ಒತ್ತಡ ಹೋಗುತ್ತದೆ, ಆ ಒತ್ತಡವೇ ತುಂಡುಗೆರೆಯ ಮೂಲಕ ಗುಂಡನ್ನು ಎಬ್ಬಿಸುತ್ತದೆ, ಹೊರೆ ಇಳಿಯತೊಡಗುತ್ತದೆ. ಇಲ್ಲಿ ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. ಹೊರೆ ತನ್ನ ಭಾರದಿಂದ ಪಂಪಿಗಿಂತ ವೇಗವಾಗಿ ಇಳಿದರೆ ‘ಬಿ’ಯ ಒತ್ತಡ ಬಿದ್ದುಹೋಗುತ್ತದೆ, ಪೈಲಟ್ ಇಲ್ಲದೆ ಗುಂಡು ಮುಚ್ಚಿಕೊಳ್ಳುತ್ತದೆ, ಹೊರೆ ತಟ್ಟನೆ ನಿಲ್ಲುತ್ತದೆ, ಮತ್ತೆ ಒತ್ತಡ ಏರಿ ಮತ್ತೆ ತೆರೆಯುತ್ತದೆ. ಹೀಗೆ ಕುಕ್ಕುತ್ತಾ ಇಳಿಯುವ ಯಂತ್ರದ ನಕ್ಷೆಯಲ್ಲಿ ಇಳಿಕೆಯನ್ನು ಹಿಡಿಯುವ ಥ್ರಾಟಲ್ ಇದೆಯೇ, ಇದ್ದರೆ ಎಲ್ಲಿದೆ ಎಂದು ಹುಡುಕಬೇಕು. ಅದು ಸಿಲಿಂಡರ್ ಮತ್ತು ಪೈಲಟ್ ಚೆಕ್ ವಾಲ್ವಿನ ನಡುವೆ ಇರಬೇಕು, ಮುಕ್ತ ದಿಕ್ಕು ಸಿಲಿಂಡರಿನತ್ತ ಇರಬೇಕು. ಚೆಕ್ ವಾಲ್ವ್ ಮತ್ತು ಡಿಸಿ ವಾಲ್ವಿನ ನಡುವೆ ಹಾಕಿದರೆ ಥ್ರಾಟಲಿನ ಹಿಂದೆ ಕಟ್ಟಿಕೊಂಡ ಒತ್ತಡ ಪೈಲಟ್ ಪಿಸ್ಟನ್ನಿಗೆ ಎದುರಾಗಿ ಕೆಲಸ ಮಾಡಿ ಗುಂಡು ಕಂಪಿಸುತ್ತದೆ.

ಇದೇ ನಕ್ಷೆಯಿಂದ, ಸ್ಪ್ಯಾನರ್ ಹಿಡಿಯುವ ಮೊದಲು ಕಂಡುಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಪಂಪ್ ನಿಲ್ಲಿಸಿ, ವಿದ್ಯುತ್ ತೆಗೆದು, ಪಂಪಿನ ಬಳಿಯ ಗೇಜ್ ಸೊನ್ನೆ ತೋರಿಸಿದ ಮೇಲೂ, ಪೈಲಟ್ ಚೆಕ್ ವಾಲ್ವಿನ ಗುಂಡಿನಿಂದ ಪಿಸ್ಟನ್ ತನಕದ ಆ ಚಿಕ್ಕ ಅಖಂಡ ಗೆರೆಯಲ್ಲಿ ಹೊರೆಯ ಪೂರ್ಣ ಒತ್ತಡ ಉಳಿದೇ ಇರುತ್ತದೆ. ಅಲ್ಲಿ ಗೇಜ್ ಇದೆಯೇ, ಎಣ್ಣೆಯನ್ನು ನಿಧಾನವಾಗಿ ಟ್ಯಾಂಕಿಗೆ ಬಿಡುವ ಕೈವಾಲ್ವ್ ಇದೆಯೇ, ಹೊರೆಗೆ ಯಾಂತ್ರಿಕ ಆಸರೆ ಕೊಡುವ ವ್ಯವಸ್ಥೆ ಇದೆಯೇ ಎಂಬುದನ್ನು ನೋಡಿ, ಹೊರೆಯನ್ನು ಆಸರೆಯ ಮೇಲೆ ಕೂರಿಸಿ, ಆ ಗೆರೆಯ ಒತ್ತಡವನ್ನು ಬಿಟ್ಟ ನಂತರವೇ ಅಲ್ಲಿನ ಹೋಸ್ ಅಥವಾ ಫಿಟ್ಟಿಂಗನ್ನು ಸಡಿಲಿಸಬೇಕು. ಒತ್ತಡದ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರ್ ಇರುವ ನಕ್ಷೆಗಳಲ್ಲಿಯೂ ಇದೇ ಹುಡುಕಾಟ ನಡೆಯಬೇಕು: ಅದು ಯಾವ ಯಾವ ಗೆರೆಗಳಿಗೆ ಕೂಡಿದೆ, ಅದನ್ನು ಖಾಲಿ ಮಾಡುವ ವಾಲ್ವ್ ವಿದ್ಯುತ್ ಇಲ್ಲದಾಗ ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ ಎಂಬುದನ್ನು ಆ ವಾಲ್ವಿನ ಸ್ಪ್ರಿಂಗ್ ಪಕ್ಕದ ಚೌಕವೇ ಹೇಳುತ್ತದೆ.